ಈ ವಾಕ್ಯ ನಿಮ್ಮದಾ?

ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿ ನಾನು ಕ್ಷಾಮಗಳ ಕುರಿತು ಒಂದು ಕಿರುಪ್ರಬಂಧ ಬರೆಯುತ್ತಿದ್ದೆ. ಮೊದಲ ಅಧ್ಯಾಯದ ಕರಡನ್ನು ಓದಿ ಮುಗಿಸಿದ್ದ ಮಾರ್ಗದರ್ಶಕರು ಅದನ್ನು ನನಗೆ ಮರಳಿಸುವಾಗ ಏಳನೆಯ ಪುಟ ತೆರೆದು, ಪೆನ್ಸಿಲಿನಿಂದ ಸುತ್ತುಹಾಕಿದ್ದ ಒಂದು ವಾಕ್ಯದ ಮೇಲೆ ಬೆರಳಿಟ್ಟು, "ಈ ವಾಕ್ಯ ನಿಮ್ಮದಾ?" ಎಂದು ಕೇಳಿದರು. ಕ್ಷಾಮದಲ್ಲಿ ಜನ ಸಾಯುವುದಕ್ಕೆ ಆಹಾರದ ಕೊರತೆಗಿಂತ ಮುಖ್ಯ ಕಾರಣ, ಇರುವ ಆಹಾರವನ್ನು ಪಡೆದುಕೊಳ್ಳುವ ದಾರಿಗಳು ಅವರ ಪಾಲಿಗೆ ಮುಚ್ಚಿಹೋಗುವುದು ಎಂಬ ಅರ್ಥದ ವಾಕ್ಯವದು. ನಾನು ಒಂದಿಷ್ಟೂ ತಡವರಿಸದೆ "ಹೌದು ಮೇಡಂ, ನನ್ನದೇ" ಎಂದೆ. ಅವರು ನಗಲಿಲ್ಲ, ಗದರಲೂ ಇಲ್ಲ. "ನೋಟ್ಸ್ ತೆಗೆದು ನೋಡಿ, ನಾಳೆ ಹೇಳಿ" ಎಂದಷ್ಟೇ ಹೇಳಿ ಮುಂದಿನ ಪುಟಕ್ಕೆ ಹೋದರು.

ಆ ರಾತ್ರಿ ನೋಟ್‌ಬುಕ್ ಹುಡುಕಿದಾಗ ವಾಕ್ಯ ಸಿಕ್ಕಿತು. ನನ್ನದೇ ಅಕ್ಷರ, ನನ್ನದೇ ನೀಲಿ ಶಾಯಿ. ಅದರ ಮೇಲಿನ ಮೂರು ಸಾಲುಗಳು ಯಾವುದೋ ಪಠ್ಯಪುಸ್ತಕದ ಸಾರಾಂಶವೆಂದು ನೆನಪಿತ್ತು, ಕೆಳಗಿನ ಎರಡು ಸಾಲುಗಳು ಓದುತ್ತಾ ನನಗೇ ಹುಟ್ಟಿದ ಅನುಮಾನಗಳು. ಇವೆರಡರ ನಡುವೆ ಸಿಕ್ಕಿಕೊಂಡಿದ್ದ ಆ ವಾಕ್ಯಕ್ಕೆ ಮಾತ್ರ ಉದ್ಧರಣ ಚಿಹ್ನೆಯಿರಲಿಲ್ಲ, ಪುಟಸಂಖ್ಯೆಯಿರಲಿಲ್ಲ, ಹೆಸರಿರಲಿಲ್ಲ. ಪಠ್ಯಪುಸ್ತಕವನ್ನು ಮತ್ತೆ ತೆರೆದು ನೋಡಿದರೆ ವಾಕ್ಯ ಅಲ್ಲೇ ಇತ್ತು, ಮತ್ತು ಆ ಪುಸ್ತಕವಾದರೋ ಅದನ್ನು ತನ್ನದೆಂದು ಹೇಳಿಕೊಂಡಿರಲಿಲ್ಲ. ಅದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1943ರ ಬಂಗಾಳದ ಕ್ಷಾಮವನ್ನೂ ಒಳಗೊಂಡು ಹಲವು ಕ್ಷಾಮಗಳನ್ನು ಪರಿಶೀಲಿಸಿ 1981ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಮಂಡಿಸಿದ ವಾದದ ಸಾರ ಎಂದು ಸ್ಪಷ್ಟವಾಗಿ ಅಡಿಟಿಪ್ಪಣಿ ಹಾಕಿತ್ತು. ಅಂದರೆ ನನ್ನ ಒಂದೇ ವಾಕ್ಯದಲ್ಲಿ ಎರಡು ಸಾಲಗಳಿದ್ದವು: ಮಾತು ಪಠ್ಯಪುಸ್ತಕದ್ದು, ವಿಚಾರ ಸೇನ್ ಅವರದು. ಎರಡನ್ನೂ ನಾನು ತೀರಿಸಿರಲಿಲ್ಲ. ಮೇಲಾಗಿ, ಸೇನ್ ಅವರ ಪುಸ್ತಕವನ್ನು ನಾನು ಅಲ್ಲಿಯವರೆಗೆ ಕೈಯಲ್ಲಿ ಹಿಡಿದೂ ಇರಲಿಲ್ಲ.

ಕದಿಯಬೇಕೆಂದು ನಾನು ಕದ್ದಿರಲಿಲ್ಲ. "ನನ್ನದೇ" ಎಂದು ಹೇಳುವಾಗ ಅದು ನನ್ನದೇ ಎಂದು ನಿಜವಾಗಿಯೂ ನಂಬಿದ್ದೆ. ನನ್ನನ್ನು ಹೆಚ್ಚು ಹೆದರಿಸಿದ್ದು ಇದೇ ಸಂಗತಿ. ಕೃತಿಚೌರ್ಯವೆಂದರೆ ಸಬ್ಮಿಷನ್ನಿನ ಹಿಂದಿನ ರಾತ್ರಿ ಬೇರೊಬ್ಬರ ಅಸೈನ್‌ಮೆಂಟನ್ನು ಕಾಪಿ ಹೊಡೆಯುವುದು ಎಂದುಕೊಂಡಿದ್ದ ನನಗೆ, ಅದು ತಿಂಗಳುಗಳ ಹಿಂದೆ, ಯಾವ ದುರುದ್ದೇಶವೂ ಇಲ್ಲದ ಒಂದು ಮಧ್ಯಾಹ್ನ, ಗ್ರಂಥಾಲಯದ ಮೇಜಿನ ಮೇಲೆ ನೋಟ್ಸ್ ಬರೆದುಕೊಳ್ಳುವಾಗಲೇ ಆಗಿಹೋಗಿರಬಹುದು ಎಂದು ಹೊಳೆದೇ ಇರಲಿಲ್ಲ. ಕರಡು ಬರೆಯುವ ಹೊತ್ತಿಗೆ ಸಾಕ್ಷ್ಯವೇ ಅಳಿಸಿಹೋಗಿರುತ್ತದೆ, ಉಳಿಯುವುದು ನಮ್ಮ ಕೈಬರಹ ಮಾತ್ರ. ನಮ್ಮ ಕೈಬರಹದಲ್ಲಿರುವುದೆಲ್ಲ ನಮ್ಮದೆಂದು ಕಾಣುವುದು ಸಹಜ.

ನೆನಪು ಇಂಥ ಮೋಸವನ್ನು ಎಷ್ಟು ಮುಗ್ಧವಾಗಿ ಮಾಡಬಲ್ಲದು ಎಂಬುದಕ್ಕೆ, ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲರ್ ಅವರ ಬಾಲ್ಯದ ಪ್ರಸಂಗಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ಹನ್ನೊಂದರ ವಯಸ್ಸಿನಲ್ಲಿ ಆಕೆ ಹಿಮದ ಅರಸನ ಕುರಿತು ಒಂದು ಕಥೆ ಬರೆದು, ತಾನು ಕಲಿಯುತ್ತಿದ್ದ ಅಂಧರ ಶಾಲೆಯ ಮುಖ್ಯಸ್ಥರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕಳುಹಿಸಿದಳು. ಕಥೆ ಅಚ್ಚಾದ ಮೇಲೆ ಅದು ಮಾರ್ಗರೆಟ್ ಕ್ಯಾನ್ಬಿ ಎಂಬ ಲೇಖಕಿಯ ಕಥೆಯನ್ನು ತುಂಬ ಹೋಲುತ್ತದೆಂದು ಗೊತ್ತಾಯಿತು. 1892ರಲ್ಲಿ ಆ ಪುಟ್ಟ ಹುಡುಗಿಯನ್ನು ಎಂಟು ಜನರ ವಿಚಾರಣಾ ಸಮಿತಿಯ ಮುಂದೆ ಕೂರಿಸಿ ಪ್ರಶ್ನಿಸಲಾಯಿತು. ಕೆಲವು ವರ್ಷಗಳ ಹಿಂದೆ ಯಾರೋ ಆ ಕಥೆಯನ್ನು ಅವಳ ಅಂಗೈಯಲ್ಲಿ ಅಕ್ಷರ ಅಕ್ಷರವಾಗಿ ಮೂಡಿಸಿ ಓದಿಹೇಳಿದ್ದಿರಬೇಕು. ಕೇಳಿದ್ದು ಮರೆತುಹೋಗಿ, ಕಥೆ ಮಾತ್ರ ಉಳಿದಿತ್ತು. ಸಮಿತಿಯ ಮತಗಳು ಸಮಸಮನಾಗಿ ಒಡೆದವು, ಕೊನೆಗೆ ಮುಖ್ಯಸ್ಥರ ಮತದಿಂದ ಅವಳು ಪಾರಾದಳು. ಆದರೆ ಆನಂತರ ಬಹುಕಾಲ, ತಾನು ಬರೆಯುತ್ತಿರುವುದು ತನ್ನದು ಹೌದೋ ಅಲ್ಲವೋ ಎಂಬ ಶಂಕೆ ಅವಳನ್ನು ಬಿಡಲಿಲ್ಲ.

ಮಗುವಿನ ವಿಷಯದಲ್ಲಿ ನಾವು ಕರಗಿಬಿಡುತ್ತೇವೆ. ಅದೇ ಸಮಜಾಯಿಷಿಯನ್ನು ದೊಡ್ಡವರು ಕೊಟ್ಟಾಗ ಹಾಗಾಗುವುದಿಲ್ಲ, ಆಗಲೂಬಾರದು. ಜರ್ಮನಿಯ ರಕ್ಷಣಾ ಸಚಿವರಾಗಿದ್ದ ಕಾರ್ಲ್-ಥಿಯೊಡೋರ್ ಟ್ಸು ಗುಟೆನ್‌ಬರ್ಗ್ ಅವರ ಡಾಕ್ಟರೇಟ್ ಪ್ರಬಂಧದಲ್ಲಿ ಬೇರೆಯವರ ಬರಹಗಳು ಹೆಸರಿಲ್ಲದೆ ಸೇರಿವೆ ಎಂಬುದು 2011ರ ಫೆಬ್ರುವರಿಯಲ್ಲಿ ಬಯಲಾಯಿತು. ಅಂತರ್ಜಾಲದಲ್ಲಿ ಒಟ್ಟುಗೂಡಿದ ಓದುಗರು ಪುಟಪುಟವನ್ನೂ ಮೂಲಗಳೊಂದಿಗೆ ಹೋಲಿಸಿ ಪಟ್ಟಿ ಮಾಡಿದರು. ಹಲವು ವರ್ಷಗಳ ಕೆಲಸದಲ್ಲಿ ಆಕರಗಳ ಮೇಲಿನ ಹಿಡಿತ ತಪ್ಪಿತು ಎಂಬುದು ಗುಟೆನ್‌ಬರ್ಗ್ ಅವರ ವಿವರಣೆಯಾಗಿತ್ತು. ಅದೇ ತಿಂಗಳು ಬೈರಾಯ್ಟ್ ವಿಶ್ವವಿದ್ಯಾಲಯ ಪದವಿಯನ್ನು ಹಿಂಪಡೆಯಿತು, ಮಾರ್ಚ್ 1ರಂದು ಅವರು ರಾಜೀನಾಮೆ ಕೊಟ್ಟರು, ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದ ಸಮಿತಿ ಇದು ಉದ್ದೇಶಪೂರ್ವಕವೆಂದೇ ತೀರ್ಮಾನಿಸಿತು. ನನ್ನ ಒಂದು ವಾಕ್ಯಕ್ಕೂ ಅವರ ಪುಟಗಟ್ಟಲೆಗೂ ಹೋಲಿಕೆಯಿಲ್ಲ, ನಿಜ. ಆದರೆ "ಯಾವುದು ಎಲ್ಲಿಂದ ಬಂತೋ ಗೊತ್ತಾಗಲಿಲ್ಲ" ಎಂದು ನಾನೂ ಮರುದಿನ ಹೇಳಬಹುದಿತ್ತು. ಗೊತ್ತಿರುವಂತೆ ನೋಡಿಕೊಳ್ಳುವುದೇ ಸಂಶೋಧಕರ ಕೆಲಸವಾಗಿರುವಾಗ ಅದು ನೆಪವಾಗಿ ನಿಲ್ಲುವುದಿಲ್ಲ.

ಪದದ ಇತಿಹಾಸವೂ ಸ್ವಾರಸ್ಯಕರವಾಗಿದೆ. ಇಂಗ್ಲಿಷಿನ ಪ್ಲೇಜಿಯರಿಸಂ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಒಂದನೆಯ ಶತಮಾನದ ರೋಮನ್ ಕವಿ ಮಾರ್ಷಿಯಲ್ ತನ್ನ ಕವಿತೆಗಳನ್ನು ತಮ್ಮದೆಂದು ಹೇಳಿಕೊಂಡು ಓದುತ್ತಿದ್ದವನನ್ನು, ಬೇರೆಯವರ ಗುಲಾಮರನ್ನು ಅಪಹರಿಸುವ ಕಳ್ಳನಿಗೆ ಬಳಸುತ್ತಿದ್ದ ಪದದಿಂದಲೇ ಬೈದನಂತೆ. ನಮ್ಮ ಕಾವ್ಯಮೀಮಾಂಸಕ ರಾಜಶೇಖರನಾದರೋ, ಸುಮಾರು ಸಾವಿರದ ನೂರು ವರ್ಷಗಳ ಹಿಂದೆ, ಬೈಯುವ ಬದಲು ವರ್ಗೀಕರಣಕ್ಕೆ ಕುಳಿತ: ಶಬ್ದಹರಣ ಬೇರೆ, ಅರ್ಥಹರಣ ಬೇರೆ, ಎರಡರಲ್ಲೂ ಹಲವು ಬಗೆಗಳು. ಕಳ್ಳನಲ್ಲದ ಕವಿಯೂ ಇಲ್ಲ, ಕಳ್ಳನಲ್ಲದ ವರ್ತಕನೂ ಇಲ್ಲ, ಮುಚ್ಚಿಡಬಲ್ಲವನು ಸುಖವಾಗಿರುತ್ತಾನೆ ಎಂದು ತುಂಟತನದಿಂದ ಹೇಳಿದವನೂ ಅವನೇ. ಕಾವ್ಯಕ್ಕೆ ಈ ಉದಾರತೆ ಸಲ್ಲಬಹುದು. ಪ್ರಬಂಧಕ್ಕೆ ಸಲ್ಲುವುದಿಲ್ಲ, ಏಕೆಂದರೆ ಪ್ರಬಂಧದ ಓದುಗರು ನಮ್ಮ ಮಾತನ್ನು ನಂಬಿ ಮುಂದಿನ ಹೆಜ್ಜೆ ಇಡುವವರು. ಯಾವ ಮಾತು ಎಲ್ಲಿಂದ ಬಂತೆಂದು ತಿಳಿಯದಿದ್ದರೆ ಅವರು ಪರೀಕ್ಷಿಸುವುದಾದರೂ ಏನನ್ನು? ಆದರೂ ರಾಜಶೇಖರನ ಆ ವಿಭಜನೆ ನನಗೆ ತುಂಬ ಉಪಯುಕ್ತವೆನಿಸಿದೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಶಬ್ದಹರಣಕ್ಕೆ ಮಾತ್ರ ಹೆದರುತ್ತಾರೆ. ಪದಗಳನ್ನು ಬದಲಿಸಿದರೆ ಸಾಕು, ಅರ್ಥ ತಮ್ಮದಾಗುತ್ತದೆ ಎಂದು ನಂಬುತ್ತಾರೆ.

ಪದ ಬದಲಿಸುವ ಈ ಕೆಲಸವನ್ನೇ ಹತ್ತಿರದಿಂದ ನೋಡೋಣ. ಉದಾಹರಣೆಗೆಂದು ನಾನೇ ಕಟ್ಟಿದ ಒಂದು ವಾಕ್ಯವನ್ನು ಮೂಲವೆಂದು ಭಾವಿಸಿಕೊಳ್ಳಿ: "ಬೆಲೆ ಏರಿದಾಗ ಮೊದಲು ಕುಸಿಯುವುದು ಕೂಲಿಯನ್ನೇ ನಂಬಿದವರ ಬದುಕು, ಏಕೆಂದರೆ ಅವರ ಕೂಲಿ ಬೆಲೆಯ ಹಿಂದೆ ಎಷ್ಟು ಓಡಿದರೂ ಅದನ್ನು ಹಿಡಿಯಲಾರದು." ಇದನ್ನು ವಿದ್ಯಾರ್ಥಿಯೊಬ್ಬರು "ದರ ಹೆಚ್ಚಾದಾಗ ಮೊಟ್ಟಮೊದಲು ಕುಸಿಯುವುದು ಕೂಲಿಯನ್ನು ಅವಲಂಬಿಸಿದವರ ಜೀವನ, ಯಾಕೆಂದರೆ ಅವರ ಕೂಲಿ ದರವನ್ನು ಎಷ್ಟು ಬೆನ್ನಟ್ಟಿದರೂ ತಲುಪಲಾರದು" ಎಂದು ಬರೆಯುತ್ತಾರೆ. ಬೆಲೆ ದರವಾಯಿತು, ಬದುಕು ಜೀವನವಾಯಿತು, ಓಟ ಬೆನ್ನಟ್ಟುವಿಕೆಯಾಯಿತು. ಗೋಡೆ ಹಳೆಯದೇ, ಸುಣ್ಣ ಮಾತ್ರ ಹೊಸದು. ಬರವಣಿಗೆಯ ಬೋಧನೆಯನ್ನು ಅಧ್ಯಯನ ಮಾಡಿದ ರೆಬೆಕಾ ಮೂರ್ ಹೋವರ್ಡ್ 1990ರ ದಶಕದಲ್ಲಿ ಇದಕ್ಕೆ ಪ್ಯಾಚ್‌ರೈಟಿಂಗ್ ಎಂಬ ಹೆಸರು ಕೊಟ್ಟರು. ಕನ್ನಡದಲ್ಲಿ ತೇಪೆಬರಹ ಎನ್ನಬಹುದು. ಅದನ್ನು ನೇರ ಕಳ್ಳತನವೆನ್ನುವುದಕ್ಕಿಂತ, ಅರ್ಥವಾಗದ ಅಥವಾ ಅರೆಬರೆ ಅರ್ಥವಾದ ಬರಹವನ್ನು ಹಿಡಿದುಕೊಳ್ಳಲು ಕಲಿಯುವವರು ಮಾಡುವ ಪ್ರಯತ್ನವಾಗಿ ನೋಡಬೇಕೆಂಬುದು ಅವರ ನಿಲುವು. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಎರಡನೆಯ ಭಾಷೆಯಲ್ಲಿ ಓದಿ ಎರಡನೆಯ ಭಾಷೆಯಲ್ಲೇ ಬರೆಯಬೇಕಾದವರಿಗೆ ಮೂಲದ ವಾಕ್ಯರಚನೆಯೇ ಊರುಗೋಲು, ಅದನ್ನು ಬಿಟ್ಟರೆ ಬಿದ್ದೇವೆಂಬ ಭಯ. ಭಯ ಅರ್ಥವಾಗುವಂಥದ್ದು, ಆದರೆ ಸಲ್ಲಿಸಿದ ಪ್ರಬಂಧದಲ್ಲಿ ತೇಪೆ ತೇಪೆಯಾಗಿಯೇ ಕಾಣುತ್ತದೆ, ನಿಯಮಗಳೂ ಅದನ್ನು ಕೃತಿಚೌರ್ಯವೆಂದೇ ಎಣಿಸುತ್ತವೆ.

ಹಾಗಾದರೆ ಸ್ವಂತ ಮಾತಿನಲ್ಲಿ ಹೇಳುವುದು ಎಂದರೇನು? ಪುಸ್ತಕ ಮುಚ್ಚಿ, ನೀರು ಕುಡಿದು ಬಂದು, ಪಕ್ಕದವರಿಗೆ ವಿವರಿಸುವ ಹಾಗೆ ಬರೆದಾಗ ಮೇಲಿನ ವಾಕ್ಯ ಹೀಗಾಗಬಹುದು: "ಬೆಲೆಯೇರಿಕೆಯ ಮೊದಲ ಪೆಟ್ಟು ಕೂಲಿಕಾರರಿಗೇಕೆ ಬೀಳುತ್ತದೆ ಎಂಬ ಪ್ರಶ್ನೆಗೆ ಈ ಲೇಖಕರು ಕೊಡುವ ಕಾರಣ ವೇಗದ ವ್ಯತ್ಯಾಸ: ಬೆಲೆ ಬೇಗ ಏರುತ್ತದೆ, ಕೂಲಿ ತಡವಾಗಿ ಏರುತ್ತದೆ." ಇದರ ಮುಂದೆ ಹೆಸರು, ವರ್ಷ, ಪುಟಸಂಖ್ಯೆ ಬರಬೇಕು. ಮಾತೆಲ್ಲ ನಮ್ಮದಾದ ಮೇಲೂ ಹೆಸರೇಕೆ ಎಂದು ಕೇಳುವವರಿದ್ದಾರೆ. ಕಾರಣವನ್ನು ಕಂಡುಹಿಡಿದವರು ಅವರು. ನಾವು ಕಂಡುಹಿಡಿದದ್ದು ಹೇಳುವ ರೀತಿಯನ್ನು ಮಾತ್ರ. ಇನ್ನು ಬೆಲೆಯ ಹಿಂದೆ ಓಡುವ ಕೂಲಿಯ ಆ ಚಿತ್ರವೇ ಬೇಕೆನಿಸಿದರೆ, ಅದು ಮೂಲ ಲೇಖಕರ ಕಲ್ಪನೆಯಾದ್ದರಿಂದ ಉದ್ಧರಣ ಚಿಹ್ನೆಯೊಳಗೆ ಯಥಾವತ್ತಾಗಿ ತರಬೇಕು. ಮುಚ್ಚಿದ ಪುಸ್ತಕದ ಮುಂದೆ ಒಂದು ವಾಕ್ಯವೂ ಬರೆಯಲಾಗದಿದ್ದರೆ ವಿಷಯ ನಮಗಿನ್ನೂ ಅರ್ಥವಾಗಿಲ್ಲ ಎಂದೇ ತಿಳಿಯಬೇಕು. ಆಗ ಮಾಡಬೇಕಾದ್ದು ಮತ್ತೆ ಓದುವುದು. ಸಮಾನಾರ್ಥಕ ಪದಗಳ ಪಟ್ಟಿಗೆ ಕೈಹಾಕಿದರೆ ಏನಾಗುತ್ತದೆ ಎಂಬುದನ್ನು ಸಂಶೋಧಕ ಗಿಯೋಮ್ ಕಬಾನಾಕ್ ಮತ್ತು ಅವರ ಸಹೋದ್ಯೋಗಿಗಳು 2021ರಲ್ಲಿ ತೋರಿಸಿದರು: ಪದ ಬದಲಿಸುವ ತಂತ್ರಾಂಶಗಳಿಗೆ ಒಪ್ಪಿಸಿದ ವೈಜ್ಞಾನಿಕ ಲೇಖನಗಳಲ್ಲಿ ಸ್ತನ ಕ್ಯಾನ್ಸರ್ "ಎದೆಯ ಅಪಾಯ"ವಾಗಿಯೂ ಕೃತಕ ಬುದ್ಧಿಮತ್ತೆ "ಖೋಟಾ ಪ್ರಜ್ಞೆ"ಯಾಗಿಯೂ ಅಚ್ಚಾಗಿದ್ದವು.

ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಿಬಿಟ್ಟರೆ ಸಾಲ ತೀರಿತು ಎಂಬ ಭ್ರಮೆಯೂ ನಮ್ಮಲ್ಲಿ ಬಲವಾಗಿದೆ. ಇಂಗ್ಲಿಷ್ ಪುಸ್ತಕದ ಎರಡು ಪುಟಗಳನ್ನು ಒಳ್ಳೆಯ ಕನ್ನಡಕ್ಕೆ ತಂದವರು ನಿಜವಾಗಿಯೂ ಬೆವರು ಸುರಿಸಿರುತ್ತಾರೆ, ಆದ್ದರಿಂದಲೇ ಅದು ತಮ್ಮದೆಂಬ ಭಾವ ಗಟ್ಟಿಯಾಗಿಬಿಡುತ್ತದೆ. ಅವರು ಪಟ್ಟ ಶ್ರಮ ಅನುವಾದಕರ ಶ್ರಮ. ಅದಕ್ಕೆ ಅನುವಾದ ಎಂಬ ಗೌರವದ ಹೆಸರೇ ಇರುವಾಗ, ಅದನ್ನು ಹೇಳಿಕೊಳ್ಳಲು ನಾಚಿಕೆಯೇಕೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. "ಅನುವಾದ ನನ್ನದು" ಎಂಬ ಎರಡು ಪದಗಳನ್ನು ಆಕರದ ಪಕ್ಕದಲ್ಲಿ ಸೇರಿಸಿದರೆ ಕಳ್ಳತನವಾಗಬಹುದಾಗಿದ್ದದ್ದು ಕೊಡುಗೆಯಾಗುತ್ತದೆ.

ಸಾಮ್ಯತೆ ತೋರಿಸುವ ತಂತ್ರಾಂಶಗಳ ಶೇಕಡಾವಾರು ಅಂಕಿಯ ಬಗ್ಗೆ ವಿದ್ಯಾರ್ಥಿಗಳಲ್ಲಿರುವ ಆತಂಕ ನೋಡಿದರೆ ನನಗೆ ಬೇಸರವಾಗುತ್ತದೆ. ಟರ್ನಿಟಿನ್‌ನಂಥ ತಂತ್ರಾಂಶ ಮಾಡುವುದು ನಮ್ಮ ಪಠ್ಯದ ಪದಸರಣಿಗಳನ್ನು ತನ್ನ ಸಂಗ್ರಹದಲ್ಲಿರುವ ಪಠ್ಯಗಳೊಂದಿಗೆ ಹೋಲಿಸುವ ಕೆಲಸ. ಸರಿಯಾಗಿ ಉದ್ಧರಿಸಿದ ಮಾತು, ಆಕರಗ್ರಂಥಗಳ ಪಟ್ಟಿ, ಎಲ್ಲರೂ ಒಂದೇ ರೀತಿ ಬರೆಯುವ ವಿಧಾನದ ವಿವರಣೆ ಇವೆಲ್ಲವೂ ಹೋಲಿಕೆಯಾಗಿ ಎಣಿಕೆಗೆ ಬರಬಹುದು. ಅನುವಾದಿಸಿ ಕದ್ದದ್ದು, ವಿಚಾರವನ್ನಷ್ಟೇ ಎತ್ತಿದ್ದು ಬಲೆಗೆ ಬೀಳದೆ ಹೋಗಬಹುದು. ಹೀಗಾಗಿ ಹೆಚ್ಚು ಶೇಕಡಾ ಬಂದ ಪ್ರಬಂಧ ಪ್ರಾಮಾಣಿಕವಾಗಿರುವುದೂ, ಸೊನ್ನೆ ಬಂದ ಪ್ರಬಂಧ ಪೂರ್ತಿ ಕದ್ದದ್ದಾಗಿರುವುದೂ ಸಾಧ್ಯ. ವರದಿಯಲ್ಲಿ ಬಣ್ಣ ಬಳಿದ ಪ್ರತಿ ಭಾಗವನ್ನೂ ಮನುಷ್ಯರೊಬ್ಬರು ಕುಳಿತು ಓದಬೇಕು. ಅಂಕಿಯನ್ನು ಇಳಿಸುವುದಕ್ಕೆಂದೇ ಪದಗಳನ್ನು ತಿರುಚುವವರು ಇದ್ದ ಪ್ರಾಮಾಣಿಕತೆಯನ್ನೂ ಕಳೆದುಕೊಂಡು ತೇಪೆಬರಹಕ್ಕೆ ಇಳಿಯುತ್ತಾರೆ.

ನನ್ನ ಎರಡನೆಯ ತಪ್ಪಿಗೆ, ಅಂದರೆ ಓದದ ಪುಸ್ತಕದ ವಿಷಯಕ್ಕೆ ಮರಳುತ್ತೇನೆ. ಪಠ್ಯಪುಸ್ತಕದ ಅಡಿಟಿಪ್ಪಣಿಯಿಂದ ಸೇನ್ ಅವರ ಹೆಸರು, ವರ್ಷ, ಪುಟಸಂಖ್ಯೆಗಳನ್ನು ಎತ್ತಿ ನನ್ನ ಪ್ರಬಂಧಕ್ಕೆ ಅಂಟಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಆ ರಾತ್ರಿ ನನಗೆ ಅನ್ನಿಸಿದ್ದು ಸುಳ್ಳಲ್ಲ. ನೋಡುವವರಿಗೆ ಅದು ನಿಷ್ಕಳಂಕವಾಗಿ ಕಾಣುತ್ತಿತ್ತು. ಆದರೆ ಅಡಿಟಿಪ್ಪಣಿ ಎಂದರೆ "ನಾನು ಇದನ್ನು ನೋಡಿದ್ದೇನೆ" ಎಂಬ ಹೇಳಿಕೆ. ನೋಡದೆ ಬರೆದರೆ ಅದು ಸುಳ್ಳು ಸಾಕ್ಷಿ. ಈ ರೋಗ ವಿದ್ಯಾರ್ಥಿಗಳಿಗೆ ಮಾತ್ರ ಅಂಟಿದ್ದಲ್ಲ. ಸಿಮ್ಕಿನ್ ಮತ್ತು ರಾಯಚೌಧುರಿ ಎಂಬ ಇಬ್ಬರು ಸಂಶೋಧಕರು 2003ರಲ್ಲಿ ಒಂದು ಜಾಣ ಲೆಕ್ಕ ಹಾಕಿದರು: ಆಕರಸೂಚಿಗಳಲ್ಲಿರುವ ಸಂಪುಟ ಅಥವಾ ಪುಟಸಂಖ್ಯೆಯ ಮುದ್ರಣದೋಷಗಳು ಲೇಖನದಿಂದ ಲೇಖನಕ್ಕೆ ಹಾಗೆಯೇ ಪುನರಾವರ್ತನೆಯಾಗುವುದನ್ನು ಹಿಡಿದು, ಉಲ್ಲೇಖಿಸಿದವರಲ್ಲಿ ಮೂಲವನ್ನು ಓದಿದವರು ಸುಮಾರು ಶೇ. 20 ಮಾತ್ರ ಎಂದು ಅಂದಾಜು ಮಾಡಿದರು. ಪರೀಕ್ಷೆಯಲ್ಲಿ ಒಂದೇ ತಪ್ಪು ಉತ್ತರ ಇಬ್ಬರ ಹಾಳೆಯಲ್ಲಿ ಕಂಡಾಗ ಮೇಷ್ಟ್ರು ಹಿಡಿಯುವ ಉಪಾಯವೇ ಇದು. ಮೂಲ ಸಿಗದಿದ್ದರೆ ಇಂಥವರು ಇಂಥವರ ಪುಸ್ತಕದಲ್ಲಿ ಉಲ್ಲೇಖಿಸಿದಂತೆ ಎಂದು ಬರೆಯುವ ಪದ್ಧತಿ ಹಲವು ಉಲ್ಲೇಖಶೈಲಿಗಳಲ್ಲಿ ಇದೆ, ಅದರಿಂದ ಮಾನವೇನೂ ಹೋಗುವುದಿಲ್ಲ. ನನಗೆ ಮೂಲ ಗ್ರಂಥಾಲಯದಲ್ಲೇ ಇತ್ತು. ಮರುದಿನ ಬೆಳಿಗ್ಗೆ ತೆಗೆದುಕೊಂಡು ಓದತೊಡಗಿದೆ.

ಚಾಟ್‌ಜಿಪಿಟಿ ಸಾರ್ವಜನಿಕರಿಗೆ ತೆರೆದುಕೊಂಡದ್ದು 2022ರ ನವೆಂಬರ್ 30ರಂದು. ನಾನು ಪದವಿ ಮುಗಿಸಿದ್ದು ಅದಕ್ಕೂ ಮೊದಲು. ಇಂದಿನ ವಿದ್ಯಾರ್ಥಿಗಳ ಕಷ್ಟ ನನ್ನದಕ್ಕಿಂತ ದೊಡ್ಡದೆಂದು ಒಪ್ಪುತ್ತೇನೆ. ಯಂತ್ರ ಬರೆದುಕೊಟ್ಟ ಪ್ಯಾರಾವನ್ನು ಹೇಳದೆ ಸೇರಿಸಿಕೊಳ್ಳುವುದನ್ನು ಕೃತಿಚೌರ್ಯವೆನ್ನಬೇಕೋ ಬೇರೆ ಹೆಸರಿಡಬೇಕೋ ಎಂಬ ಚರ್ಚೆ ನಡೆಯಲಿ, ತಾನು ಬರೆಯದ್ದನ್ನು ಬರೆದೆನೆಂದು ಸಹಿ ಹಾಕುವುದು ಸುಳ್ಳೇ. ಯಂತ್ರ ಕೊಡುವ ಆಕರಗಳಲ್ಲಿ ಕೆಲವು ಭೂಮಿಯ ಮೇಲೆಲ್ಲೂ ಇಲ್ಲದವು, ಆದರೂ ನಂಬಿಕೆ ಬರುವಂತೆ ಇರುತ್ತವೆ ಎಂಬುದನ್ನು ಮರೆಯಬಾರದು. ಇತ್ತ ಯಂತ್ರದ ಬರಹವನ್ನು ಪತ್ತೆಹಚ್ಚುತ್ತೇವೆನ್ನುವ ತಂತ್ರಾಂಶಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷ್ ಪ್ರಾವೀಣ್ಯವನ್ನು ಅಳೆಯುವ ಟೋಫೆಲ್ ಪರೀಕ್ಷೆಗೆಂದು ಬರೆದ ಪ್ರಬಂಧಗಳನ್ನು ಅವು ಸರಾಸರಿ ಅರ್ಧಕ್ಕಿಂತ ಹೆಚ್ಚು ಸಲ ಯಂತ್ರದ್ದೆಂದು ತಪ್ಪಾಗಿ ಗುರುತಿಸಿದ್ದವು. ಸರಳ ಪದಗಳಲ್ಲಿ ಎಚ್ಚರದಿಂದ ಇಂಗ್ಲಿಷ್ ಬರೆಯುವ ನಮ್ಮಂಥವರಿಗೆ ಇದು ದೂರದ ಸುದ್ದಿಯಲ್ಲ. ಕೈಬರಹದ ನೋಟ್ಸ್, ದಿನಾಂಕವಿರುವ ಕರಡುಗಳು, ಕಡತದ ಹಳೆಯ ಆವೃತ್ತಿಗಳನ್ನು ಪದವಿ ಕೈಗೆ ಬರುವವರೆಗೂ ಎಸೆಯಬೇಡಿ ಎಂದು ನಾನು ಕಿರಿಯರಿಗೆ ಹೇಳುವುದು ಇದಕ್ಕಾಗಿಯೇ.

ಅಸೈನ್‌ಮೆಂಟನ್ನು ಗೆಳೆಯರಿಗೆ "ಸುಮ್ಮನೆ ನೋಡಿ ಕೊಡು" ಎಂದು ಕೊಡುವ ವಿಷಯದಲ್ಲಿ ನನಗೆ ಹೇಳುವುದು ಹೆಚ್ಚಿಲ್ಲ: ಇಬ್ಬರದೂ ಒಂದೇ ಎಂದು ಸಿಕ್ಕಿಬಿದ್ದಾಗ ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ, ಗೆಳೆತನವೂ ಉಳಿಯುವುದಿಲ್ಲ. ಒಂದು ಕೋರ್ಸಿಗೆ ಕೊಟ್ಟ ಬರಹವನ್ನೇ ಇನ್ನೊಂದಕ್ಕೆ ಕೊಡುವ ಆಸೆಯಿದ್ದರೆ ಮೊದಲೇ ಅಧ್ಯಾಪಕರನ್ನು ಕೇಳಿಬಿಡುವುದು ಒಳ್ಳೆಯದು.

ಆ ಘಟನೆಯ ನಂತರ ನನ್ನ ನೋಟ್‌ಬುಕ್ಕಿನ ಎಡ ಅಂಚಿನಲ್ಲಿ ಒಂದು ಗೆರೆ ಬಂತು. ಯಥಾವತ್ತಾಗಿ ನಕಲು ಮಾಡಿದ ಪ್ರತಿ ಸಾಲಿನ ಎದುರು ಪುಟಸಂಖ್ಯೆ, ಸಾಲಿನ ಎರಡೂ ತುದಿಗೆ ದಪ್ಪನೆಯ ಉದ್ಧರಣ ಚಿಹ್ನೆ. ಸಾರಾಂಶವಾದರೆ "ಸಾ" ಮತ್ತು ಪುಟಸಂಖ್ಯೆ. ನನ್ನದೇ ಯೋಚನೆಯಾದರೆ "ನಾ". ಮೊದಲ ಕೆಲವು ವಾರ ಪುಟದ ಮೇಲೆ ಪುಟ "ಸಾ"ಗಳೇ ತುಂಬಿ, "ನಾ" ಎಂಬ ಅಕ್ಷರ ಎಲ್ಲೋ ಒಂದೆರಡು ಕಡೆ ಕಂಡಾಗ ಅವಮಾನವಾಗುತ್ತಿತ್ತು.

ತಿದ್ದಿದ ಅಧ್ಯಾಯವನ್ನು ಮೂರು ವಾರಗಳ ನಂತರ ಒಪ್ಪಿಸಿದೆ. ಆ ಒಂದು ವಾಕ್ಯದ ಜಾಗದಲ್ಲಿ ಈಗ ಅರ್ಧ ಪುಟವಿತ್ತು: ಸೇನ್ ಅವರ ವಾದ ಅವರ ಹೆಸರಿನಲ್ಲಿ, ಅದನ್ನು ನನಗೆ ಮೊದಲು ತಿಳಿಸಿದ ಪಠ್ಯಪುಸ್ತಕಕ್ಕೆ ಒಂದು ಅಡಿಟಿಪ್ಪಣಿ, ಮತ್ತು ಕೊನೆಯಲ್ಲಿ ಆ ವಾದ ಯಾವ ಸನ್ನಿವೇಶಗಳಲ್ಲಿ ಸಾಲದೆನಿಸುತ್ತದೆ ಎಂಬ ಬಗ್ಗೆ ನನ್ನ ನೋಟ್‌ಬುಕ್ಕಿನ "ನಾ" ಗುರುತಿನಿಂದ ಹುಟ್ಟಿದ ಎರಡು ವಾಕ್ಯ. ಮೇಡಂ ಮತ್ತೆ ಪೆನ್ಸಿಲ್ ಎತ್ತಿ ಆ ಎರಡು ವಾಕ್ಯಗಳಿಗೇ ಸುತ್ತುಹಾಕಿ, ಏನನ್ನೂ ಕೇಳದೆ ನನ್ನ ಮುಖ ನೋಡಿದರು. "ಅವು ನನ್ನವೇ ಮೇಡಂ" ಎಂದೆ, ಈ ಸಲ ಸ್ವಲ್ಪ ತಡೆದು. ಅವರು ತಲೆಯಾಡಿಸಿ ಪಕ್ಕದ ಅಂಚಿನಲ್ಲಿ ಬರೆದರು: "ಒಪ್ಪುವುದಿಲ್ಲ. ಇನ್ನೂ ವಿವರಿಸಿ."